ತುಮಕೂರು: ಮೂರು ಸರ್ಕಾರಿ ಶಾಲೆ ನೋಡಿ ಬಂದೆ, ಎಂಬತ್ತಕ್ಕೆ ಅಂಕ ಹಾಕಿದರೂ ತೀರ್ಮಾನವಾಗುತ್ತಿಲ್ಲ

ಸೆಕೆಂಡ್ ಶಿಫ್ಟ್ · ಏಪ್ರಿಲ್ 12

ಕ್ಯಾತಸಂದ್ರದಲ್ಲಿ ಯಾವ ಹೋಟೆಲಿನ ತಟ್ಟೆ ಇಡ್ಲಿ ಒಳ್ಳೆಯದು ಎಂದು ಕೇಳಿದರೆ ಈ ಊರಿನಲ್ಲಿ ಹತ್ತು ಜನ ಹತ್ತು ಹೆಸರು ಹೇಳಿ ಜಗಳಕ್ಕೇ ನಿಲ್ಲುತ್ತಾರೆ. ಯಾವ ಸರ್ಕಾರಿ ಶಾಲೆ ಒಳ್ಳೆಯದು ಎಂದು ಕೇಳಿದರೆ ಮಾತ್ರ ಎಲ್ಲರೂ ಒಂದೇ ರೀತಿ ನನ್ನ ಮುಖ ನೋಡುತ್ತಾರೆ: ‘ಏಕೆ, ಸಂಬಳ ಸರಿಯಾಗಿ ಬರುತ್ತಿಲ್ಲವೇ?’ ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನಾನು ವಸಂತನರಸಾಪುರ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ಪರಿಶೀಲನೆಯ ಕೆಲಸದಲ್ಲಿದ್ದೇನೆ. ಜನವರಿಯಲ್ಲಿ ಶಿರಾದಿಂದ ತುಮಕೂರಿಗೆ ಮನೆ ಬದಲಿಸಿದೆವು, ಶಿರಾ ಗೇಟ್ ಕಡೆ ಬಾಡಿಗೆ ಮನೆ. ಮಗ ಅಜ್ಜಿಯ ಮನೆಯಲ್ಲೇ ಉಳಿದು ಐದನೇ ತರಗತಿ ಮುಗಿಸಿದ್ದಾನೆ, ಈಗ ಆರಕ್ಕೆ ಸೇರಬೇಕು. ಮಗಳಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರುತ್ತದೆ, ಒಂದನೇ ತರಗತಿ. ಖಾಸಗಿ ಶಾಲೆಯ ಶುಲ್ಕ ಕಟ್ಟಲು ಆಗುವುದೇ ಇಲ್ಲ ಎಂದಲ್ಲ. ಇಬ್ಬರಿಗೂ ಕಟ್ಟುತ್ತಾ ಹೋದರೆ ಊರಿನ ಕೊಳವೆಬಾವಿಗೆ ಮಾಡಿದ ಸಾಲ ತೀರುವ ದಿನ ಕಾಣುವುದಿಲ್ಲ. ಜೊತೆಗೆ ನಾನು ಪಾವಗಡ ತಾಲ್ಲೂಕಿನ ಸರ್ಕಾರಿ ಶಾಲೆಯಲ್ಲಿ ಓದಿದವನು. ಒಳಗೆ ಕಾಲಿಡದೆಯೇ ಬೇಡ ಎನ್ನಲು ಮನಸ್ಸು ಬರಲಿಲ್ಲ. ಹೆಂಡತಿ ‘ನೀವೇ ನೋಡಿ ಬನ್ನಿ, ಆಮೇಲೆ ಮಾತನಾಡೋಣ’ ಎಂದಳು. ಅವಳ ‘ಆಮೇಲೆ’ಗೆ ಏನರ್ಥ ಎಂದು ಹನ್ನೆರಡು ವರ್ಷದಿಂದ ನನಗೆ ಗೊತ್ತು.

ಮೊದಲು ಮೊಬೈಲ್‌ನಲ್ಲಿ ಹುಡುಕಿದೆ. ಪ್ರತಿ ಶಾಲೆಯ ಗೋಡೆಯ ಮೇಲೂ 29ರಿಂದ ಶುರುವಾಗುವ ಹನ್ನೊಂದು ಅಂಕಿಯ ಯುಡೈಸ್ ಸಂಖ್ಯೆ ಬರೆದಿರುತ್ತದೆ. ಅದನ್ನು ಪೋರ್ಟಲ್‌ನಲ್ಲಿ ಹಾಕಿದರೆ ಕೊಠಡಿ ಎಷ್ಟು, ಶೌಚಾಲಯ ಎಷ್ಟು, ಶಿಕ್ಷಕರು ಎಷ್ಟು ಎಂದು ಬರುತ್ತದೆ. ಮಕ್ಕಳಿಗೆ ಓದಲು ಬರುತ್ತದೆಯೇ ಎಂಬುದು ಮಾತ್ರ ಅಲ್ಲಿಲ್ಲ. ‘ಅಸರ್’ ವರದಿ ಅದನ್ನೇ ಅಳೆಯುತ್ತದೆ, ಆದರೆ ಅದು ಹಳ್ಳಿಗಳನ್ನು ಮಾತ್ರ ನೋಡುತ್ತದೆ. 2024ರ ಡಿಸೆಂಬರ್‌ನಲ್ಲಿ ನಡೆದ ‘ಪರಖ್’ ಸಮೀಕ್ಷೆಯ ಫಲಿತಾಂಶ ಜಿಲ್ಲೆಯ ಮಟ್ಟದಲ್ಲೇ ನಿಲ್ಲುತ್ತದೆ. ಒಂದು ಊರಿನ ಈ ಬೀದಿಯ ಶಾಲೆಗೂ ಆ ಬೀದಿಯ ಶಾಲೆಗೂ ಏನು ವ್ಯತ್ಯಾಸ ಎಂದು ಹೇಳುವ ಕಾಗದ ನನಗೆ ಎಲ್ಲೂ ಸಿಗಲಿಲ್ಲ. ಆದ್ದರಿಂದ ಫೆಬ್ರವರಿ ಕೊನೆ, ಮಾರ್ಚ್ ಮೊದಲ ವಾರದಲ್ಲಿ, ಮಧ್ಯಾಹ್ನದ ಪಾಳಿಗೆ ಹೋಗುವ ಮೊದಲು, ಮನೆಯ ಸುತ್ತಲಿನ ಮೂರು ಸರ್ಕಾರಿ ಶಾಲೆಗಳಲ್ಲಿ ಒಂದೊಂದಕ್ಕೂ ಎರಡೆರಡು ಸಲ ಹೋಗಿ ಬಂದೆ. ಹೆಸರು ಬರೆಯುವುದಿಲ್ಲ. ಒಳಗೆ ಬಿಟ್ಟುಕೊಂಡು ಚಹಾ ಕೊಟ್ಟವರಿಗೆ ತೊಂದರೆಯಾಗಬಾರದು.

ಹುಣಸೆ ಮರದ ಶಾಲೆ: ಒಂದರಿಂದ ಏಳು, ಕನ್ನಡ ಮಾಧ್ಯಮ, ಮಂಗಳೂರು ಹೆಂಚಿನ ಹಳೆಯ ಕಟ್ಟಡ. ಒಟ್ಟು ಅರವತ್ತೆಂಟು ಮಕ್ಕಳು, ಮೂವರು ಶಿಕ್ಷಕಿಯರು. ಶೌಚಾಲಯದಲ್ಲಿ ನೀರಿತ್ತು, ಬಕೆಟ್ಟಿತ್ತು, ಬಕೆಟ್ಟಿಗೆ ಮಗ್ಗೂ ಇತ್ತು. ಆದರೆ ಒಂದು, ಎರಡು, ಮೂರನೇ ತರಗತಿಯ ಮಕ್ಕಳನ್ನು ಒಂದೇ ಕೊಠಡಿಯಲ್ಲಿ ನೆಲದ ಮೇಲೆ ಗುಂಪುಗುಂಪಾಗಿ ಕೂರಿಸಿದ್ದರು. ಶಿಕ್ಷಕರ ಕೊರತೆ ಎಂದು ಬರೆದುಕೊಂಡು ಅಂಕ ಕಡಿದೆ.

ಬಣ್ಣದ ಶಾಲೆ: ಹತ್ತನೇ ತರಗತಿಯವರೆಗೂ ಇದೆ, ಇಂಗ್ಲಿಷ್ ಮಾಧ್ಯಮದ ವಿಭಾಗವೂ ಇದೆ. ಕೊಠಡಿಯ ಹೊರಗೋಡೆಗೆ ರೈಲಿನ ಬೋಗಿಯಂತೆ ನೀಲಿ ಬಣ್ಣ, ಒಳಗೆ ಸ್ಮಾರ್ಟ್ ಬೋರ್ಡ್. ಒಂದನೇ ತರಗತಿಯ ಇಂಗ್ಲಿಷ್ ವಿಭಾಗದಲ್ಲಿ ನಾನೇ ಎಣಿಸಿದೆ, ಐವತ್ತನಾಲ್ಕು ತಲೆಗಳು. ಎಸ್‌ಎಸ್‌ಎಲ್‌ಸಿ ಫಲಿತಾಂಶದ ಫಲಕದಲ್ಲಿ ಎಂಬತ್ತರ ಮೇಲೆ.

ಕಾಂಪೌಂಡ್ ಇಲ್ಲದ ಶಾಲೆ: ಒಂದರಿಂದ ಏಳು. ಅಂತರಸನಹಳ್ಳಿ ಮಾರುಕಟ್ಟೆಯಲ್ಲಿ ಮೂಟೆ ಹೊರುವವರ ಮಕ್ಕಳು, ಉತ್ತರ ಕರ್ನಾಟಕದಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು. ಪೋರ್ಟಲ್ ಪ್ರಕಾರ ನಾಲ್ಕು ಶೌಚಾಲಯ. ನಾನು ಹೋದ ಎರಡೂ ದಿನ ಎರಡಕ್ಕೆ ಬೀಗ. ಅಂಗಳದಲ್ಲಿ ದನ. ಆದರೆ ಆರನೇ ತರಗತಿಯಲ್ಲಿ ಒಬ್ಬ ಮೇಡಂ ಭಿನ್ನರಾಶಿ ಹೇಳಿಕೊಡುತ್ತಿದ್ದರು, ರೊಟ್ಟಿಯನ್ನು ಹರಿದು. ನಿಜವಾದ ರೊಟ್ಟಿ, ಬಿಸಿಯೂಟದ್ದಲ್ಲ, ಅವರ ಡಬ್ಬಿಯದು. ನಾನು ಕಿಟಕಿಯ ಹೊರಗೆ ಇಪ್ಪತ್ತು ನಿಮಿಷ ನಿಂತಿದ್ದೇನೆ ಎಂದು ತಿಳಿದದ್ದು ದನ ಬಂದು ಚೀಲ ಎಳೆದಾಗ. ಇಲ್ಲಿ ಏಳು ಮುಗಿಸಿದ ಮಕ್ಕಳು ಹೋಗುವ ಪ್ರೌಢಶಾಲೆಯ ಫಲಕದಲ್ಲಿ ಎಪ್ಪತ್ತರ ಆಸುಪಾಸು.

ಕಟ್ಟಡ, ಶೌಚಾಲಯ, ಶಿಕ್ಷಕರ ಸಂಖ್ಯೆ, ಪಾಠ, ಊಟ, ದೂರ, ಇಂಗ್ಲಿಷ್, ಫಲಿತಾಂಶ ಎಂದು ಎಂಟು ಅಂಶ ಮಾಡಿ ಒಂದೊಂದಕ್ಕೆ ಹತ್ತರಂತೆ ಅಂಕ ಹಾಕಿದೆ. ಬಣ್ಣದ ಶಾಲೆ 61, ಹುಣಸೆ ಮರ 54, ಕಾಂಪೌಂಡ್ ಇಲ್ಲದ್ದು 47. ಲೆಕ್ಕ ಸರಿಯಾಗಿದೆ, ಆದರೂ ಮನಸ್ಸು ಒಪ್ಪುತ್ತಿಲ್ಲ. ಏನು ತಪ್ಪು ಮಾಡಿದ್ದೇನೆ? ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಮೂಲಕ ಮಗಳಿಗೆ ಖಾಸಗಿ ಶಾಲೆಯಲ್ಲಿ ಉಚಿತ ಸೀಟು ಸಿಗುತ್ತದೆ ಎಂದು ಪಕ್ಕದ ಮನೆಯವರು ಹೇಳುತ್ತಾರೆ, ಅದು ನಿಜವೇ?

ಚಾಕ್‌ಪೀಸ್ · ಏಪ್ರಿಲ್ 12

ಗುಬ್ಬಿ ತಾಲ್ಲೂಕಿನಲ್ಲಿ ಹದಿನಾಲ್ಕು ವರ್ಷ, ತುಮಕೂರು ನಗರದಲ್ಲಿ ಇಪ್ಪತ್ತು ವರ್ಷ ಪಾಠ ಮಾಡಿ ಮುಖ್ಯ ಶಿಕ್ಷಕಿಯಾಗಿ ನಿವೃತ್ತಳಾದವಳು ನಾನು. ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಸರ ಮಾಡಿಕೊಳ್ಳಬೇಡಿ. ಮೂವತ್ತನಾಲ್ಕು ವರ್ಷದಲ್ಲಿ ಎರಡೆರಡು ಸಲ ಶಾಲೆಗೆ ಬಂದು ಶೌಚಾಲಯದ ಮಗ್ಗು ನೋಡಿಕೊಂಡು ಹೋದ ತಂದೆಯರನ್ನು ಬೆರಳೆಣಿಸಿ ಹೇಳಬಲ್ಲೆ.

ಮೊದಲನೆಯ ತಪ್ಪು, ನೀವು ಮೊತ್ತ ಹಾಕಿದ್ದು. ಕಟ್ಟಡಕ್ಕೆ ಹತ್ತು, ಪಾಠಕ್ಕೂ ಹತ್ತು ಎಂದರೆ ಸುಣ್ಣವೂ ಅನ್ನವೂ ಒಂದೇ ತಕ್ಕಡಿಗೆ ಬಿದ್ದಂತಾಯಿತು. ಎರಡನೆಯ ತಪ್ಪು, ಇಬ್ಬರು ಮಕ್ಕಳಿಗೆ ಒಂದೇ ಪಟ್ಟಿ ಮಾಡಿದ್ದು. ಒಂದನೇ ತರಗತಿಗೆ ಒಳ್ಳೆಯ ಶಾಲೆ ಆರನೇ ತರಗತಿಗೆ ಒಳ್ಳೆಯದಾಗಿರಬೇಕೆಂದೇನೂ ಇಲ್ಲ.

ಹುಣಸೆ ಮರದ ಶಾಲೆಗೆ ನೀವು ಅನ್ಯಾಯ ಮಾಡಿದ್ದೀರಿ. ಒಂದು, ಎರಡು, ಮೂರನ್ನು ಒಟ್ಟಿಗೆ ನೆಲದ ಮೇಲೆ ಕೂರಿಸುವುದು ಕೊರತೆಯಿಂದಲ್ಲ. ಅದು ನಲಿ-ಕಲಿ. 1995ರ ಹೊತ್ತಿಗೆ ಹೆಗ್ಗಡದೇವನಕೋಟೆಯ ಕಡೆ ಶಿಕ್ಷಕರೇ ಕಟ್ಟಿದ ಪದ್ಧತಿ, 2009-10ರಿಂದ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೂ ಬಂತು. ಪಾಠವನ್ನು ಸಣ್ಣ ಸಣ್ಣ ಮೆಟ್ಟಿಲು ಮಾಡಿ ಕಾರ್ಡ್‌ಗಳಲ್ಲಿ ಹಂಚಿರುತ್ತಾರೆ. ಮಗು ಒಂದು ಮೆಟ್ಟಿಲು ಮುಗಿಸಿದರೆ ಮುಂದಿನದಕ್ಕೆ ತಾನೇ ಹೋಗುತ್ತದೆ. ಈ ಮೆಟ್ಟಿಲುಗಳ ಪಟ್ಟಿ ಗೋಡೆಯ ಮೇಲಿರುತ್ತದೆ, ಅದಕ್ಕೆ ಏಣಿ ಎಂದು ಹೆಸರು. ನೀವು ಗುಂಪುಗಳೆಂದು ಕಂಡದ್ದಕ್ಕೆ ನಾವು ‘ತಟ್ಟೆ’ ಎನ್ನುತ್ತೇವೆ: ಹೊಸದನ್ನು ಕಲಿಯುವವರು ಶಿಕ್ಷಕರ ಪಕ್ಕದ ತಟ್ಟೆಯಲ್ಲಿ, ಸ್ವಲ್ಪ ಬಂದವರು ಗೆಳೆಯರ ಸಹಾಯದ ತಟ್ಟೆಯಲ್ಲಿ, ಪೂರ್ತಿ ಬಂದವರು ಸ್ವಕಲಿಕೆಯ ತಟ್ಟೆಯಲ್ಲಿ. ಜ್ವರ ಬಂದು ಹತ್ತು ದಿನ ತಪ್ಪಿಸಿಕೊಂಡ ಮಗು ಮರಳಿ ಬಂದರೆ ಬಿಟ್ಟ ಮೆಟ್ಟಿಲಿನಿಂದಲೇ ಶುರು ಮಾಡುತ್ತದೆ. ಇದನ್ನು ಯಾವ ಸ್ಮಾರ್ಟ್ ಬೋರ್ಡೂ ಮಾಡುವುದಿಲ್ಲ.

ಆದರೆ ನಲಿ-ಕಲಿಯ ಹೆಸರಿನಲ್ಲಿ ಮಕ್ಕಳನ್ನು ಸುಮ್ಮನೆ ಕೂಡಿಹಾಕುವ ಶಾಲೆಗಳೂ ಇವೆ, ಮುಚ್ಚಿಡುವುದಿಲ್ಲ. ಗುರುತಿಸುವುದು ಸುಲಭ. ತಲೆಯ ಮೇಲೆ ದಾರ ಕಟ್ಟಿ ಮಕ್ಕಳ ಚಿತ್ರ, ಬರಹ ತೂಗುಹಾಕಿರುತ್ತಾರೆ, ಅದಕ್ಕೆ ಚಪ್ಪರ ಎಂದು ಹೆಸರು. ಅಲ್ಲಿರುವ ಚಿತ್ರ ಈ ತಿಂಗಳದ್ದೋ ಹೋದ ವರ್ಷದ್ದೋ ನೋಡಿ, ಧೂಳೇ ಹೇಳುತ್ತದೆ. ಕಾರ್ಡ್‌ಗಳ ಮೂಲೆ ಮಡಚಿ ಎಣ್ಣೆ ಬೆರಳಿನ ಗುರುತಿದ್ದರೆ ಒಳ್ಳೆಯದು, ಹೊಸದಾಗಿ ಹೊಳೆಯುತ್ತಿದ್ದರೆ ಅವು ಬೀರುವಿನಿಂದ ನಿಮಗಾಗಿಯೇ ಹೊರಬಂದವು. ಒಂದು ಮಗುವನ್ನು ಕರೆದು ‘ನೀನು ಏಣಿಯಲ್ಲಿ ಎಲ್ಲಿದ್ದೀಯ?’ ಎಂದು ಕೇಳಿ. ಕಲಿಸುವ ಶಾಲೆಯ ಮಗು ಗೋಡೆಯ ಹತ್ತಿರ ಓಡಿಹೋಗಿ ಬೆರಳಿಟ್ಟು ತೋರಿಸುತ್ತದೆ.

ಆರನೇ ತರಗತಿಗೆ ನೋಡಬೇಕಾದದ್ದೇ ಬೇರೆ. ಆರರಿಂದ ಎಂಟಕ್ಕೆ ಪದವೀಧರ ಶಿಕ್ಷಕರ ಪ್ರತ್ಯೇಕ ಹುದ್ದೆಗಳಿವೆ, ಇಲಾಖೆಯಲ್ಲಿ ಜಿಪಿಟಿ ಎನ್ನುತ್ತಾರೆ. ‘ಶಿಕ್ಷಕರು ಎಷ್ಟು?’ ಎಂದು ಕೇಳಬೇಡಿ. ‘ಗಣಿತ-ವಿಜ್ಞಾನಕ್ಕೆ ಜಿಪಿಟಿ ಇದ್ದಾರೆಯೇ? ಇಂಗ್ಲಿಷ್‌ಗೆ? ಇದ್ದರೆ ಇಲ್ಲೇ ಇದ್ದಾರೆಯೇ, ನಿಯೋಜನೆಯ ಮೇಲೆ ಬೇರೆ ಕಡೆ ಹೋಗಿದ್ದಾರೆಯೇ?’ ಎಂದು ಕೇಳಿ. ಆ ‘ನಿಯೋಜನೆ’ ಎಂಬ ಪದದೊಳಗೆ ಎಷ್ಟೋ ಶಾಲೆಗಳ ಗಣಿತ ಹೂತುಹೋಗಿದೆ. ಹಾಜರಿ ಪುಸ್ತಕದಲ್ಲಿ ಹೆಸರಿರುತ್ತದೆ, ಪೋರ್ಟಲ್‌ನಲ್ಲೂ ಇರುತ್ತದೆ, ತರಗತಿಯಲ್ಲಿ ಇರುವುದಿಲ್ಲ. ಖಾಲಿ ಹುದ್ದೆಗೆ ಅತಿಥಿ ಶಿಕ್ಷಕರು ಬರುತ್ತಾರೆ. ಅವರಲ್ಲಿ ಚಿನ್ನದಂಥವರನ್ನು ಕಂಡಿದ್ದೇನೆ, ಆದರೆ ಅವರ ನೇಮಕ ಶಾಲೆ ಶುರುವಾದ ಮೇಲೆ ಆಗುತ್ತದೆ, ವರ್ಷದ ಕೊನೆಗೆ ಮುಗಿಯುತ್ತದೆ. ಮುಂದಿನ ವರ್ಷ ಅವರೇ ಬರುತ್ತಾರೆ ಎಂಬ ಖಾತರಿ ಯಾರಿಗೂ ಇಲ್ಲ, ಅವರಿಗಂತೂ ಇಲ್ಲವೇ ಇಲ್ಲ.

ಇನ್ನು ನೋಟ್‌ಬುಕ್. ಜಾಣ ಮಗುವಿನದನ್ನು ನಿಮಗೆ ತೋರಿಸುತ್ತಾರೆ, ಅದು ಬೇಡ. ಕೊನೆಯ ಸಾಲಿನ ಮಗುವಿನ ಗಣಿತದ ಪುಸ್ತಕ ಕೇಳಿ. ಕೆಂಪು ಶಾಯಿಯ ಸರಿ-ತಪ್ಪಿನ ಗುರುತು ಎಲ್ಲಿಯವರೆಗೆ ಬಂದಿದೆ ನೋಡಿ. ತಪ್ಪು ಹಾಕಿದ ಲೆಕ್ಕದ ಕೆಳಗೆ ಆ ಮಗು ಅದನ್ನೇ ಮತ್ತೆ ಮಾಡಿದೆಯೇ ನೋಡಿ. ತಪಾಸಣೆಗೆ ಹೋದಾಗ ನಾನು ನೋಡುತ್ತಿದ್ದದ್ದು ಅಷ್ಟೇ.

ಫಲಿತಾಂಶದ ಫಲಕಗಳಲ್ಲಿ ಯಾವ ವರ್ಷದ ಅಂಕಿ ಇತ್ತು ಎಂದು ಗಮನಿಸಿದಿರಾ? ಅದನ್ನು ಹೇಳಿ, ಆಮೇಲೆ ಬರೆಯುತ್ತೇನೆ.

ಆರ್‌ಟಿಇ ಸೀಟಿನ ಮಾತು ಹಳೆಯದಾಯಿತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟು ಇಲ್ಲ ಎಂದು 2019ರಲ್ಲೇ ನಿಯಮ ಬದಲಾಗಿದೆ. ನಿಮ್ಮ ಮನೆಯ ಸುತ್ತ ಮೂರು ಸರ್ಕಾರಿ ಶಾಲೆ ಇವೆ ಎಂದು ನೀವೇ ಬರೆದಿದ್ದೀರಿ.

ನೇರ ಮಾತು · ಏಪ್ರಿಲ್ 13

ಇಷ್ಟೆಲ್ಲ ಪಾಠ ಹೇಳುವ ಮೇಡಂ ತಮ್ಮ ಮಕ್ಕಳನ್ನು ಎಲ್ಲಿ ಓದಿಸಿದರು ಎಂದು ಕೇಳಿ. ಸಾಲ ಮಾಡಿಯಾದರೂ ಖಾಸಗಿ ಶಾಲೆಗೆ ಸೇರಿಸಿ. ಇಲ್ಲವಾದರೆ ಸಿದ್ಧಗಂಗಾ ಮಠದಲ್ಲಿ ಬಿಡಿ, ಸಾವಿರಾರು ಮಕ್ಕಳು ಅಲ್ಲಿ ಉಂಡು ಓದಿ ದೊಡ್ಡವರಾಗಿದ್ದಾರೆ. ದನ ಕಟ್ಟುವ ಶಾಲೆಯಲ್ಲಿ ಮಕ್ಕಳ ಮೇಲೆ ಪ್ರಯೋಗ ಬೇಡ.

ಚಾಕ್‌ಪೀಸ್ · ಏಪ್ರಿಲ್ 13

ದೊಡ್ಡವಳು ನನ್ನ ಶಾಲೆಯಲ್ಲೇ ಓದಿದಳು. ಚಿಕ್ಕವನನ್ನು ಖಾಸಗಿ ಶಾಲೆಗೆ ಹಾಕಿದೆ, ಮನೆಯವರ ಹಠಕ್ಕೆ ಸೋತು. ಇಬ್ಬರೂ ಈಗ ದುಡಿದು ತಿನ್ನುತ್ತಿದ್ದಾರೆ. ಚಿಕ್ಕವನ ಕನ್ನಡ ಅಕ್ಷರ ಮಾತ್ರ ಇಂದಿಗೂ ಇರುವೆ ಶಾಯಿಯಲ್ಲಿ ಬಿದ್ದು ಓಡಿದಂತಿದೆ. ಮಠದ ಬಗ್ಗೆ ನನಗೂ ಭಕ್ತಿಯಿದೆ. ಆದರೆ ಇವರು ಮಕ್ಕಳನ್ನು ಮನೆಯಲ್ಲಿಟ್ಟುಕೊಂಡು ಓದಿಸುವ ದಾರಿ ಕೇಳುತ್ತಿದ್ದಾರೆ.

ಬಟವಾಡಿ ಅಮ್ಮ · ಏಪ್ರಿಲ್ 14

ನಾನು ಗಾರ್ಮೆಂಟ್ಸ್‌ಗೆ ಹೋಗುವವಳು, ಇಬ್ಬರು ಮಕ್ಕಳು ಸರ್ಕಾರಿ ಶಾಲೆಯಲ್ಲಿ. ಎಸ್‌ಡಿಎಂಸಿಯಲ್ಲಿ ಸದಸ್ಯೆಯೂ ಹೌದು, ಅಂದರೆ ಶಾಲೆ ನೋಡಿಕೊಳ್ಳುವ ಪೋಷಕರ ಸಮಿತಿಯಲ್ಲಿ. ಹೋದ ಸಲ ಯಾರೂ ನಿಲ್ಲಲಿಲ್ಲವೆಂದು ನನ್ನ ಹೆಸರು ಬರೆದುಕೊಂಡರು.

ಅಣ್ಣ, ಬೀಗ ಹಾಕಿದ ಶೌಚಾಲಯದ ಬಗ್ಗೆ ಒಂದು ಮಾತು. ನಮ್ಮ ಶಾಲೆಯಲ್ಲೂ ಹಾಗೆಯೇ ಇತ್ತು. ನಾನೂ ಮೊದಲು ಮುಖ್ಯ ಶಿಕ್ಷಕರ ಮೇಲೆ ಕೂಗಾಡಿದೆ. ಆಮೇಲೆ ತಿಳಿಯಿತು, ತೊಳೆಯುವುದಕ್ಕೆ ಅಂತ ನಮ್ಮ ಶಾಲೆಗೆ ಒಬ್ಬರನ್ನೂ ಕೊಟ್ಟಿಲ್ಲ. ನಾಲ್ಕೂ ತೆರೆದರೆ ನಾಲ್ಕೂ ಗಬ್ಬೆದ್ದುಹೋಗುತ್ತವೆ, ಎರಡು ತೆರೆದರೆ ಎರಡನ್ನಾದರೂ ಶುಚಿಯಾಗಿ ಇಡಬಹುದು ಎಂದು ಬೀಗ ಹಾಕಿದ್ದರು. ಕೊನೆಗೆ ನಾವು ಪೋಷಕರೇ ತಿಂಗಳಿಗೆ ಮನೆಗೆ ಐವತ್ತು ರೂಪಾಯಿ ಕೂಡಿಸಿ ಒಬ್ಬ ಅಜ್ಜಿಯನ್ನು ಇಟ್ಟುಕೊಂಡೆವು. ಎಲ್ಲರೂ ಕೊಡುವುದಿಲ್ಲ, ಜಗಳ ಇದ್ದದ್ದೇ. ಆದರೆ ಬೀಗ ಹೋಯಿತು. ನೀವು ನೋಡಬೇಕಾದದ್ದು ಶೌಚಾಲಯವನ್ನಲ್ಲ, ಎಸ್‌ಡಿಎಂಸಿ ಸಭೆಯ ಪುಸ್ತಕವನ್ನು. ಕೊನೆಯ ಸಭೆ ಯಾವಾಗ ಆಯಿತು, ಹೆಬ್ಬೆಟ್ಟು ಮತ್ತು ಸಹಿ ಎಷ್ಟು ಇವೆ, ಎಲ್ಲ ಸಹಿಯೂ ಒಂದೇ ಕೈಬರಹವೋ ನೋಡಿ.

ಊಟ ಈಗ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಹಾಲು, ರಾಗಿ ಮಾಲ್ಟ್, ಅನ್ನ-ಸಾರು. ಮೊಟ್ಟೆ ಮೊದಲು ವಾರಕ್ಕೆ ಎರಡಿತ್ತು, 2024ರಿಂದ ಆರು ದಿನವಾಯಿತು. ನಾಲ್ಕು ದಿನದ ಖರ್ಚನ್ನು ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಕೊಡುತ್ತದೆ. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಅಡುಗೆಯವರು ಮಕ್ಕಳಿಗೆ ಎರಡನೇ ಸಲ ಬಡಿಸುತ್ತಾರೋ ಗದರಿಸುತ್ತಾರೋ, ಅದೊಂದು ವ್ಯತ್ಯಾಸ.

ಬಣ್ಣದ ಶಾಲೆಯ ಇಂಗ್ಲಿಷ್ ವಿಭಾಗದ ಬಗ್ಗೆ ಹೇಳುತ್ತೇನೆ. ನನ್ನ ಚಿಕ್ಕವಳು ಅಂಥದ್ದರಲ್ಲೇ ಇದ್ದಾಳೆ, ಬೇರೆ ಶಾಲೆ. 2019ರಲ್ಲಿ ರಾಜ್ಯದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇದನ್ನು ಶುರು ಮಾಡಿದರು, ಆಮೇಲೆ ಹೆಚ್ಚಾಯಿತು. ಜನ ಮುಗಿಬೀಳುತ್ತಾರೆ, ನಾನೂ ಬಿದ್ದೆ. ಕಲಿಸುವವರು ಅದೇ ಕನ್ನಡ ಮಾಧ್ಯಮದ ಟೀಚರ್, ಕೆಲವು ದಿನದ ತರಬೇತಿ ಪಡೆದು ಬಂದವರು. ಒಳ್ಳೆಯವರು, ಕಷ್ಟಪಡುತ್ತಾರೆ. ಆದರೆ ಅಷ್ಟೊಂದು ಮಕ್ಕಳಲ್ಲಿ ನನ್ನ ಮಗಳ ಹೆಸರನ್ನು ಅವರು ಕಲಿಯುವ ಹೊತ್ತಿಗೆ ದೀಪಾವಳಿ ಬಂದಿತ್ತು. ಮನೆಯಲ್ಲಿ ಇಂಗ್ಲಿಷ್ ಹೇಳಿಕೊಡುವವರು ಇದ್ದರೆ ಸೇರಿಸಿ. ನನಗೆ ಅದು ಆಗದು, ಟ್ಯೂಷನ್‌ಗೆ ದುಡ್ಡು ಕೊಡುತ್ತಿದ್ದೇನೆ. ಹಾಗಾದರೆ ಉಳಿದದ್ದೇನು ಎಂದು ನನ್ನ ಯಜಮಾನರು ಕೇಳುತ್ತಾರೆ. ಮೊಟ್ಟೆ ಎನ್ನುತ್ತೇನೆ.

ರೈಲು ಪಾಸ್ · ಏಪ್ರಿಲ್ 14

ಕನ್ನಡ ಮಾಧ್ಯಮದಲ್ಲಿ ಓದಿದವನ ಅನುಭವವೂ ಇರಲಿ. ಇದೇ ಊರಿನ ಸರ್ಕಾರಿ ಶಾಲೆಗಳಲ್ಲಿ ಹತ್ತರವರೆಗೆ ಓದಿ, ಬಿ.ಎಚ್. ರಸ್ತೆಯ ಸರ್ಕಾರಿ ಜೂನಿಯರ್ ಕಾಲೇಜಿನಲ್ಲಿ ವಿಜ್ಞಾನ ತೆಗೆದುಕೊಂಡೆ. ಈಗ ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುವ ಇಂಜಿನಿಯರ್.

ಪ್ರಥಮ ಪಿಯುಸಿಯ ಮೊದಲ ಮೂರು ತಿಂಗಳು ನರಕ. ನನಗೆ ‘ವೇಗೋತ್ಕರ್ಷ’ ಚೆನ್ನಾಗಿ ಗೊತ್ತಿತ್ತು, ಲೆಕ್ಕ ಮಾಡಬಲ್ಲವನಾಗಿದ್ದೆ. ಉಪನ್ಯಾಸಕರು ‘ಆಕ್ಸಲರೇಷನ್’ ಎಂದಾಗ ಅದು ನನ್ನ ಹಳೆಯ ಪರಿಚಯದವನೇ ಎಂದು ಗುರುತಾಗಲಿಲ್ಲ. ಡಿಸೆಂಬರ್ ಹೊತ್ತಿಗೆ ಗುರುತಾಯಿತು. ಅಷ್ಟರಲ್ಲಿ ನಮ್ಮ ಬೆಂಚಿನ ಇಬ್ಬರು ವಿಜ್ಞಾನ ಬಿಟ್ಟು ಕಲಾ ವಿಭಾಗಕ್ಕೆ ಹೋಗಿದ್ದರು. ಅವರಿಬ್ಬರೂ ನನಗಿಂತ ಜಾಣರು. ಇದನ್ನು ಮುಚ್ಚಿಟ್ಟು ಕನ್ನಡ ಮಾಧ್ಯಮವನ್ನು ಹೊಗಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಹಾಗೆಂದು ಇನ್ನೊಂದು ಪಕ್ಕವೂ ಇದೆ. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಇಟಿಯಲ್ಲಿ ಶೇಕಡಾ 5ರಷ್ಟು ಮೀಸಲು ಸೀಟುಗಳಿವೆ. ನನ್ನ ಇಂಜಿನಿಯರಿಂಗ್ ಸೀಟು ಬಂದದ್ದು ಅದರಲ್ಲೇ. ಈಗಿನ ದ್ವಿಭಾಷಾ ವಿಭಾಗಗಳಲ್ಲಿ ಗಣಿತ, ವಿಜ್ಞಾನದ ಪುಸ್ತಕ ಒಂದು ಪುಟ ಕನ್ನಡ, ಎದುರು ಪುಟ ಇಂಗ್ಲಿಷ್ ಇರುತ್ತದೆ. ನನ್ನ ಅಕ್ಕನ ಮಗನದ್ದನ್ನು ನೋಡಿ ಹೊಟ್ಟೆ ಉರಿಯಿತು. ಮಾಧ್ಯಮ ಯಾವುದಾದರೂ ಆಗಲಿ, ಆರನೇ ತರಗತಿಯಿಂದಲೇ ಮಗನಿಗೆ ಎರಡೂ ಭಾಷೆಯ ಪದಗಳನ್ನು ಒಂದೇ ನೋಟ್‌ಬುಕ್‌ನಲ್ಲಿ ಅಕ್ಕಪಕ್ಕ ಬರೆಯಲು ಹೇಳಿ. ದಿನಕ್ಕೆ ಐದು ಪದ ಸಾಕು.

ಆದರ್ಶ ವಿದ್ಯಾಲಯ, ಮೊರಾರ್ಜಿ ವಸತಿ ಶಾಲೆ, ನವೋದಯ ಇವೆಲ್ಲ ಆರನೇ ತರಗತಿಯಿಂದಲೇ. ಆದರೆ ಐದರಲ್ಲಿ ಓದುತ್ತಿರುವಾಗಲೇ ಅರ್ಜಿ ಹಾಕಿ ಪ್ರವೇಶ ಪರೀಕ್ಷೆ ಬರೆದಿರಬೇಕಿತ್ತು. ಏಪ್ರಿಲ್‌ನಲ್ಲಿ ಕೇಳಿದರೆ ಬಸ್ ಹೋದ ಮೇಲೆ ಕೈ ಅಡ್ಡ ಹಾಕಿದಂತೆ. ಮಗಳಿಗೆ ಇನ್ನೂ ಸಮಯವಿದೆ, ನೆನಪಿಟ್ಟುಕೊಳ್ಳಿ.

ಸೆಕೆಂಡ್ ಶಿಫ್ಟ್ · ಏಪ್ರಿಲ್ 15

ಎಲ್ಲರಿಗೂ ನಮಸ್ಕಾರ. ಮೇಡಂ, ಪುಸ್ತಕ ತೆಗೆದು ನೋಡಿದೆ. ನಾನು ಫಲಕಗಳ ಫೋಟೊ ತೆಗೆದಿದ್ದೆ, ವರ್ಷ ನೋಡಿರಲಿಲ್ಲ. ಬಣ್ಣದ ಶಾಲೆಯ ಫಲಕದಲ್ಲಿರುವುದು 2023ರ ಫಲಿತಾಂಶ. ಇನ್ನೊಂದು ಪ್ರೌಢಶಾಲೆಯದು 2024ರದ್ದು. ಕಾರ್ಖಾನೆಯಲ್ಲಿ ಎರಡು ಬೇರೆ ಬೇರೆ ಗೇಜ್‌ನಲ್ಲಿ ಅಳೆದು ಹೋಲಿಸಿದರೆ ನನ್ನ ಮೇಲಿನವರು ನನ್ನನ್ನು ಹೊರಗೆ ಹಾಕುತ್ತಾರೆ.

ಚಾಕ್‌ಪೀಸ್ · ಏಪ್ರಿಲ್ 15

ಅದನ್ನೇ ಕೇಳಿದ್ದು. 2023ರಲ್ಲಿ ಇಡೀ ರಾಜ್ಯದ ಫಲಿತಾಂಶವೇ ಶೇಕಡಾ 83.89. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಕೃಪಾಂಕವನ್ನು ಹೆಚ್ಚಿಸಿದರೂ ಅದು 73.40ಕ್ಕೆ ಇಳಿಯಿತು. 2025ರಲ್ಲಿ ಆ ಕೃಪಾಂಕವನ್ನೂ ತೆಗೆದರು, ಇನ್ನು 2025-26ರ ಸಾಲಿಗೆ ಪಾಸಾಗುವ ಗೆರೆಯೇ 35ರಿಂದ 33ಕ್ಕೆ ಬಂದಿದೆ. ಹೀಗಿರುವಾಗ ಒಂದು ಶಾಲೆ ಕ್ಯಾಮೆರಾಕ್ಕೆ ಮೊದಲಿನ ವರ್ಷದ ಫಲಕವನ್ನೇ ಉಳಿಸಿಕೊಂಡು, ಮುಂದಿನ ವರ್ಷಗಳದ್ದನ್ನು ಬರೆಸಿಲ್ಲ ಎಂದರೆ ಪೇಂಟರ್ ಸಿಕ್ಕಿಲ್ಲ ಎಂದುಕೊಳ್ಳುವಷ್ಟು ಮುಗ್ಧಳಲ್ಲ ನಾನು. ಇನ್ನೊಂದು ಶಾಲೆ 2024ರ ಎಪ್ಪತ್ತನ್ನು ನಾಚದೆ ಬರೆದಿದೆ. ರಾಜ್ಯದ ಸರಾಸರಿಯ ಪಕ್ಕದಲ್ಲಿಟ್ಟು ನೋಡಿದರೆ ಇಬ್ಬರ ನಡುವೆ ನಿಮ್ಮ ಪುಸ್ತಕದಲ್ಲಿರುವಷ್ಟು ಅಂತರವಿಲ್ಲ.

ಐವತ್ತನಾಲ್ಕು ಮಕ್ಕಳ ವಿಷಯ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದಕ್ಕೆ ಮೂವತ್ತು ಮಕ್ಕಳಿಗೆ ಒಬ್ಬರು, ಆರರಿಂದ ಎಂಟಕ್ಕೆ ಮೂವತ್ತೈದಕ್ಕೆ ಒಬ್ಬರು. ಹುಣಸೆ ಮರದ ಶಾಲೆಯಲ್ಲಿ ಅರವತ್ತೆಂಟಕ್ಕೆ ಮೂವರು ಎಂದರೆ ತಲೆ ಲೆಕ್ಕಕ್ಕೆ ಸರಿ. ಆದರೆ ಏಳು ತರಗತಿಗೆ ಮೂವರೇ ಎಂಬುದನ್ನು ಮರೆಯಬೇಡಿ. ನಲಿ-ಕಲಿಗೆ ಒಬ್ಬರು ಹೋದರೆ ನಾಲ್ಕರಿಂದ ಏಳರವರೆಗೆ ಉಳಿದಿಬ್ಬರೇ. ಅವರಲ್ಲಿ ಒಬ್ಬರು ಮುಖ್ಯ ಶಿಕ್ಷಕಿ, ಅಂದರೆ ಹಾಲಿನ ಪುಡಿಯ ಲೆಕ್ಕ, ಮಕ್ಕಳ ವಿವರ ತುಂಬುವ ಸ್ಯಾಟ್ಸ್ ತಂತ್ರಾಂಶ, ಸಭೆ. ನಿಮ್ಮ ಮಗಳಿಗೆ ಅದು ಹೊಂದುತ್ತದೆ. ಮಗನಿಗೆ ಬೇಡ. ಜೊತೆಗೆ ಎಲ್ಲ ಶಾಲೆಗಳಿಗೂ ಇರುವ ರೋಗವೊಂದಿದೆ: ಸಮೀಕ್ಷೆ, ಮತದಾರರ ಪಟ್ಟಿ, ಗಣತಿ. 2025ರಲ್ಲಿ ಸಮೀಕ್ಷೆಗಾಗಿ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದದ್ದು ನೆನಪಿರಬೇಕಲ್ಲ. ಮೂವರಿರುವ ಶಾಲೆಯಲ್ಲಿ ಒಬ್ಬರು ಹೊರಗೆ ಹೋದರೆ ಮೂರನೇ ಒಂದು ಶಾಲೆ ಎದ್ದುಹೋದಂತೆ.

ರೊಟ್ಟಿ ಹರಿದ ಮೇಡಂ ಅಲ್ಲಿ ಎಷ್ಟು ವರ್ಷದಿಂದ ಇದ್ದಾರೆ, ವರ್ಗಾವಣೆಗೆ ಅರ್ಜಿ ಹಾಕಿದ್ದಾರೆಯೇ ಎಂದು ವಿಚಾರಿಸಿ. ನೇರವಾಗಿ ಕೇಳಿದರೆ ಬೇಸರಿಸುವುದಿಲ್ಲ. ನಮಗೆ ಯಾರೂ ಹಾಗೆ ಕೇಳುವುದೇ ಇಲ್ಲ.

ಸೆಕೆಂಡ್ ಶಿಫ್ಟ್ · ಜೂನ್ 7

ತಡವಾಯಿತು. ಶಿರಾದಿಂದ ಟಿಸಿ ತರುವುದು, ಸ್ಯಾಟ್ಸ್‌ನಲ್ಲಿ ಮಗನ ಹೆಸರಿನ ಇನಿಷಿಯಲ್ ಆಧಾರ್‌ಗೆ ಹೊಂದದೆ ಮೂರು ಸಲ ಓಡಾಡಿದ್ದು, ಅದರ ಕಥೆ ಬೇರೆ.

ಮಗಳು ಹುಣಸೆ ಮರದ ಶಾಲೆ. ಶಾಲೆ ತೆರೆದ ದಿನ ಮಾವಿನ ಸೊಪ್ಪಿನ ತೋರಣ ಕಟ್ಟಿ, ಒಂದನೇ ತರಗತಿಗೆ ಸೇರಿದ ಒಂಬತ್ತೂ ಮಕ್ಕಳಿಗೆ ಕೇಸರಿಬಾತ್ ಕೊಟ್ಟರು. ಚಪ್ಪರ ಖಾಲಿಯಿತ್ತು, ದಾರ ಹೊಸದಿತ್ತು. ಹೆಂಡತಿ ಅದನ್ನೇ ನೋಡುತ್ತಾ ನಿಂತಿದ್ದಳು, ನಾನು ಏನೂ ಹೇಳಲಿಲ್ಲ. ‘ಆಮೇಲೆ’ ಮಾತನಾಡುವುದು ಇನ್ನೂ ಬಾಕಿಯಿದೆ.

ಮಗ ಕಾಂಪೌಂಡ್ ಇಲ್ಲದ ಶಾಲೆ. ಇದಕ್ಕೆ ಮನೆಯಲ್ಲಿ ಎರಡು ದಿನ ಊಟದ ಹೊತ್ತಿನಲ್ಲಿ ಯಾರೂ ಮಾತನಾಡಲಿಲ್ಲ. ಮೇಡಂ ಹೇಳಿದಂತೆ ಕೊನೆಯ ಸಾಲಿನ ಹುಡುಗನೊಬ್ಬನ ಹಳೆಯ ಗಣಿತದ ಪುಸ್ತಕ ಕೇಳಿ ಪಡೆದು ಮನೆಗೆ ತಂದು ಹೆಂಡತಿಗೆ ತೋರಿಸಿದೆ. ಮಾರ್ಚ್ 20ರವರೆಗೆ ಕೆಂಪು ಶಾಯಿ ಇತ್ತು. ಒಂದು ಕಡೆ ಆ ಹುಡುಗ ಅದೇ ಭಾಗಾಕಾರವನ್ನು ನಾಲ್ಕು ಸಲ ಮಾಡಿದ್ದಾನೆ, ನಾಲ್ಕನೆಯದರ ಪಕ್ಕದಲ್ಲಿ ಮೇಡಂ ಒಂದು ಸಣ್ಣ ರೊಟ್ಟಿಯ ಚಿತ್ರ ಬರೆದಿದ್ದಾರೆ. ಅವಳು ಪುಸ್ತಕ ಮುಚ್ಚಿ ಒಳಗೆ ಹೋಗಿ, ‘ರಸ್ತೆ ದಾಟಿಸುವುದು ನಿಮ್ಮ ಕೆಲಸ, ಬೆಳಗ್ಗೆ ಹೇಗೂ ಮನೆಯಲ್ಲೇ ಇರುತ್ತೀರಿ’ ಎಂದಳು.

ವರ್ಗಾವಣೆಯ ಬಗ್ಗೆ ಕೇಳಿದೆ. ಮೇಡಂ ನಕ್ಕು, ಗಂಡನ ಊರಿನ ಜಿಲ್ಲೆಗೆ ಅರ್ಜಿ ಹಾಕಿದ್ದೇನೆ, ಕೌನ್ಸೆಲಿಂಗ್ ಆದರೆ ಹೋಗಬಹುದು, ಆಗದೆಯೂ ಇರಬಹುದು, ಮೂರು ವರ್ಷದಿಂದ ಹೀಗೆಯೇ ನಡೆಯುತ್ತಿದೆ ಎಂದರು. ನನ್ನ ಲೆಕ್ಕದ ಪುಸ್ತಕದಲ್ಲಿ ಇದಕ್ಕೆ ಯಾವ ಅಂಕಣವೂ ಇರಲಿಲ್ಲ.

ಬೀಗ ಇನ್ನೂ ಹಾಗೆಯೇ ಇದೆ. ಬಟವಾಡಿಯ ಅಕ್ಕ, ಆ ಅಜ್ಜಿಗೆ ನೀವು ತಿಂಗಳಿಗೆ ಎಷ್ಟು ಕೊಡುತ್ತೀರಿ? ಇಪ್ಪತ್ತೆರಡು ಮನೆಗಳವರು ಒಪ್ಪಿದ್ದಾರೆ.

ಬಟವಾಡಿ ಅಮ್ಮ · ಜೂನ್ 7

ಎರಡು ಸಾವಿರ, ಜೊತೆಗೆ ಹಬ್ಬಕ್ಕೆ ಒಂದು ಸೀರೆ. ಫಿನಾಯಿಲ್ ದುಡ್ಡು ಬೇರೆ. ಇಪ್ಪತ್ತೆರಡು ಮನೆ ಒಪ್ಪಿದರೆ ಹದಿನೈದು ಮನೆ ಕೊಡುತ್ತವೆ, ಹಾಗೆಂದೇ ಲೆಕ್ಕ ಹಾಕಿಕೊಳ್ಳಿ ಅಣ್ಣ.

ಚಾಕ್‌ಪೀಸ್ · ಜೂನ್ 8

ಆ ಹುಡುಗನ ಪುಸ್ತಕ ಹಿಂದಿರುಗಿಸಿದಿರಾ? ಆಗಸ್ಟ್‌ನಲ್ಲಿ ನಿಮ್ಮ ಮಗನದ್ದನ್ನು ತೆರೆದು ನೋಡಿ ಬರೆಯಿರಿ.